ಗೋಡೆಗೆ ಹೊಡೆದ ಕೌದಿ

ಮೊನ್ನೆ ಕೌದಿಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದೆವು. ಕೋಲಿನಿಂದ ಧೂಳು ಜಾಡಿಸುತ್ತಿದ್ದ ಮೊಮ್ಮಗಳು ಒಂದು ಕೌದಿಯ ನಟ್ಟನಡುವೆ ಕೈಯಾಡಿಸಿ ನಿಂತಳು.

"ಆಯಿ, ಇದರಾಗ ಏನೋ ಗಟ್ಟಿ ಹತ್ತತೈತಿ. ಗುಂಡಿ ಉಳದೈತೇನು?"

ಗುಂಡಿಯಲ್ಲ. ನೋಡದೆಯೇ ಹೇಳಬಲ್ಲೆ. ದಪ್ಪ ಪ್ಯಾಂಟಿನ ಬಟ್ಟೆಯ ಕೌದಿ ಅದು. ನಾಲ್ಕೂ ಮೂಲೆಗೆ ಮೊಳೆ ಹೊಡೆದ ತೂತು, ತೂತಿನ ಸುತ್ತ ತುಕ್ಕಿನ ಕಲೆ, ಎಷ್ಟು ತೊಳೆದರೂ ಹೋಗಿಲ್ಲ. ಹೊದೆಯಲೆಂದು ಹೊಲಿದ ಕೌದಿಯಲ್ಲ, ಗೋಡೆಗೆ ಹೊಡೆಯಲೆಂದು ಹೊಲಿದದ್ದು. ಹೊಲಿಸಿದವರು ನಮ್ಮ ಹಿತ್ತಲ ಖೋಲಿಯಲ್ಲಿ ಬಾಡಿಗೆಗಿದ್ದ ಗಣಿತದ ಮಾಸ್ತರರು.

ಹುಕ್ಕೇರಿ ಕಡೆಯವರು. ಇಲ್ಲಿ ಮೂಡಲಗಿಯ ಒಂದು ಹೈಸ್ಕೂಲಿಗೆ ಕೆಲಸಕ್ಕೆ ಬಂದಾಗ ಮೂವತ್ತರ ಆಸುಪಾಸು ಇರಬೇಕು. ಮದುವೆಯಾಗಿರಲಿಲ್ಲ. ಒಂದು ಹಾಸಿಗೆ, ಒಂದು ಸ್ಟೋವು, ಕರಿ ಚೀಲದಲ್ಲಿ ಒಂದು ಗಿಟಾರು, ಅದರ ಜೊತೆಗಿನ ಒಂದು ಪೆಟ್ಟಿಗೆ, ಇಷ್ಟೇ ಸಾಮಾನು. ಖೋಲಿ ಕೊಡುವ ಮುಂಚೆ ಕುಡಿಯುತ್ತೀರೇನು ಎಂದಷ್ಟೇ ಕೇಳಿದ್ದೆ. ಗಿಟಾರಿನ ವಿಚಾರವನ್ನೂ ಕೇಳಬೇಕಿತ್ತೆಂದು ಮೊದಲ ರವಿವಾರವೇ ಗೊತ್ತಾಯಿತು.

ಪರದೇಶದ ಆ ಹಾಡಿಗೆ ಪ್ರೊಗ್ರೆಸಿವ್ ಮೆಟಲ್ ಎನ್ನುತ್ತಾರಂತೆ. ಅವರೇ ಹೇಳಿದ್ದು. ಗಿಟಾರಿಗೆ ವೈರು ಹಚ್ಚಿ, ದನಿ ದೊಡ್ಡದು ಮಾಡುವ ಆ ಪೆಟ್ಟಿಗೆಗೆ ಜೋಡಿಸಿದರೆ ಕಬ್ಬಿನ ಟ್ರಾಕ್ಟರು ಏರಿ ಹತ್ತಿದ ಹಾಗೆ ಸಪ್ಪಳ. ಒಂದೊಂದು ಹಾಡು ಹಾಲು ಕಾದು, ಉಕ್ಕಿ, ಆರುವ ತನಕ ನಡೆಯುತ್ತಿತ್ತು. ತಾಳ ಒಂದೇ ಇರುತ್ತಿರಲಿಲ್ಲ. ಈಗ ಹಿಡಿದೆ ಅನ್ನುವಷ್ಟರಲ್ಲಿ ಬೇರೆಯಾಗಿ ಬಿಡುತ್ತಿತ್ತು. ಆದರೆ ಮಾಸ್ತರರ ಬೆರಳು ನೋಡಬೇಕಿತ್ತು. ಬಾಗಿಲಲ್ಲಿ ನಿಂತು ನಾನು ಹಾಡು ಕೇಳುತ್ತಿರಲಿಲ್ಲ, ಬೆರಳು ನೋಡುತ್ತಿದ್ದೆ. ಒಂದು ಕಡೆಯೂ ತಡವರಿಸುತ್ತಿರಲಿಲ್ಲ.

ಜೊತೆಗೆ ಡ್ರಮ್ ಬಾರಿಸಲು ಮಸಗುಪ್ಪಿಯಿಂದ ಒಬ್ಬ ಟ್ರಾಕ್ಟರ್ ಮೆಕ್ಯಾನಿಕ್ ಬರುತ್ತಿದ್ದ. ಮದುವೆ ಮೆರವಣಿಗೆಯ ಬೆಂಜೋ ಪಾರ್ಟಿಯಲ್ಲಿ ಬಾರಿಸುವವನು. ಪ್ರತಿ ರವಿವಾರ ಫಟಫಟಿಯ ಹಿಂದೆ ಡ್ರಮ್ ಕಟ್ಟಿಕೊಂಡು ಹಾಜರು. ಬಾಜೂ ಮನೆಯಲ್ಲಿ ಆಗ ಬಾಣಂತಿ ಇದ್ದಳು. ಅವಳ ಅತ್ತೆ ನಮ್ಮ ಅಂಗಳಕ್ಕೆ ಬಂದು, "ಕೂಸು ಬೆದರಿ ಮಲಿ ಬಿಟ್ಟೈತಿ. ನಿಮ್ಮ ಮಾಸ್ತರಗ ಹೇಳ್ತೀಯೋ, ನಾ ಹೇಳ್ಲ್ಯೋ?" ಎಂದು ಕೂಗಿ ಹೋದಳು. ಅವಳು ಹೇಳಿದರೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ನಾನೇ ಹೇಳಿದೆ.

ಮಾಸ್ತರರು ಫೋನಿನಲ್ಲಿ ಏನೋ ನೋಡಿಕೊಂಡು ಬಂದು, ಗೋಡೆಗೆ ದಪ್ಪ ಬಟ್ಟೆ ಹಾಕಿದರೆ ಸಪ್ಪಳ ಹೊರಗೆ ಹೋಗುವುದಿಲ್ಲವೆಂದರು. ಕೌದಿ ಹೊಲಿಯುವುದೇ ನನ್ನ ಕೆಲಸ. ಮಂದಿ ಹಳೆಯ ಸೀರೆ, ಧೋತರ ತಂದುಕೊಡುತ್ತಾರೆ, ನಾನು ಪದರು ಹಾಕಿ ಹೊಲಿದು ಕೊಡುತ್ತೇನೆ. ಮಾಸ್ತರರು ತಮ್ಮ ಹಳೆಯ ಪ್ಯಾಂಟುಗಳನ್ನೂ ಮೆಕ್ಯಾನಿಕ್‌ನ ಎಣ್ಣೆ ಮೆತ್ತಿದ ಪ್ಯಾಂಟುಗಳನ್ನೂ ತಂದು ಹಾಕಿದರು. ಹೊಲಿದೆ. ಸೂಜಿ ಎರಡು ಮುರಿದವು.

ನಮ್ಮಲ್ಲಿ ಕೌದಿಯನ್ನು ಅಂಚಿನಿಂದ ಒಳಗೆ ಹೊಲಿಯುತ್ತ ಬಂದು ಕೊನೆಗೆ ನಡುವೆ ಅಂಗೈಯಷ್ಟು ಜಾಗ ಬಿಡುತ್ತೇವೆ. ಅದು ಕೌದಿಯ ಹೊಟ್ಟೆ. ಅದರಲ್ಲಿ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿದು ಮುಚ್ಚಬೇಕು. ಹೊದ್ದವರು ಹಸಿದು ಮಲಗಬಾರದೆಂದು. ಈ ಕೌದಿಯ ಹೊಟ್ಟೆಯನ್ನು ಹಾಗೆಯೇ ಬಿಟ್ಟೆ. ಗೋಡೆಗೆ ಯಾವ ಹಸಿವು?

ಸಪ್ಪಳ ನಿಂತಿತೇ ಎಂದರೆ ಅರ್ಧ ನಿಂತಿತು. ಬಾಜೂ ಮನೆಯವಳು ಬೈಯುವುದೂ ಅರ್ಧಕ್ಕೆ ಇಳಿಯಿತು.

ಆದರೆ ಅವರಿಬ್ಬರ ಜಗಳ ಯಾವ ಕೌದಿಗೂ ನಿಲ್ಲುತ್ತಿರಲಿಲ್ಲ. ಬಾರಿಸಿ ಮುಗಿಸಿ ನಮ್ಮ ಕಟ್ಟೆಯ ಮೇಲೆ ಚಹಾಕ್ಕೆ ಕೂತರೆ ಶುರು.

"ನಿಮ್ಮ ಕೈಯಾಗ ತಪ್ಪಿಲ್ರಿ ಸರ್, ಖರೆ. ಆದ್ರ ಬಾರಿಸಿದ್ದು ಎಲ್ಲಾ ಆ ಪರದೇಶದವರದು. ಅದರಾಗ ನಿಮ್ದು ಯಾವುದು?" ಎನ್ನುತ್ತಿದ್ದ ಮೆಕ್ಯಾನಿಕ್.

"ಮೊದಲ ಕೈ ತಯಾರ ಆಗ್ಲಿ. ಕೈ ಬರದವನ ಮನಸಿನ್ಯಾಗ ಏನಿದ್ರ ಏನು, ಹೊರಗ ಬರೂದು ಹೆಂಗ?"

"ಕೈ ತಯಾರ ಮಾಡ್ಕೊಂತ ಮುದುಕ ಆಗ್ತೀರಿ, ನೋಡ್ರಿ."

ನಾನು ಮಾಸ್ತರರ ಕಡೆ. ನಮ್ಮ ನೆಗೆಣ್ಣಿ ಒಬ್ಬಳಿದ್ದಳು, ಕೌದಿಗೆ ಮನಸ್ಸಿಗೆ ಬಂದ ಹಾಗೆ ಬಣ್ಣದ ತುಂಡು ಹಚ್ಚುವವಳು. ಊರೆಲ್ಲ ಹೊಗಳಿತು. ಎರಡು ಸಲ ತೊಳೆದಾಗ ತುಂಡು ತುಂಡೇ ಕೈಗೆ ಬಂತು. ಅದನ್ನು ಹೇಳಿ ಮೆಕ್ಯಾನಿಕ್‌ನಿಗೆ ಕೇಳಿದೆ, "ನೀ ಮದುವ್ಯಾಗ ಬಾರಸೂವು ಏನ್ ನಿಮ್ಮಪ್ಪ ಕಟ್ಟಿದ ಹಾಡೇನೋ?"

"ಅದು ಹೊಟ್ಟಿಗಿ ಆಯಿ. ಇದು ಹೊಟ್ಟಿಗಲ್ಲ," ಅಂದ. ಎರಡನೆಯ ಕಪ್ ಚಹಾ ಮಾತ್ರ ಕೇಳಿ ಕುಡಿದ.

ಹೀಗೆ ನಡೆದಿದ್ದಾಗ ಬೆಳಗಾವಿಯ ಒಂದು ತಂಡದಿಂದ ಮಾಸ್ತರರಿಗೆ ಫೋನು ಬಂತು. ಅವರ ಗಿಟಾರಿನವನು ಬಿಟ್ಟು ಹೋಗಿದ್ದ. ಬಂದು ಬಾರಿಸಿ ತೋರಿಸಿ, ನಮ್ಮದೊಂದು ಹಾಡು, ನಿಮ್ಮದೇ ಸ್ವಂತದ್ದೊಂದು ಎಂದಿದ್ದರು. ಆ ತಂಡ ಪುಣೆಯ ತನಕ ಹೋಗಿ ಬಾರಿಸುವ ತಂಡ. ಮಾಸ್ತರರು ತಮಗೆ ಬಂದ ಎರಡು ಮದುವೆ ಸಂಬಂಧಗಳನ್ನು ಈ ಗಿಟಾರಿಗಾಗಿಯೇ ಮುರಿದುಕೊಂಡವರು, ಮನೆಯವರ ಹತ್ತಿರ ಮಾತು ಬಿಟ್ಟವರು. "ಇದೊಂದು ಸಿಕ್ರ ಸಾಕು ಆಯಿ, ಮತ್ತೇನೂ ಬ್ಯಾಡ" ಅಂದರು. ತಂಡದವರ ಹಾಡು ಸಿದ್ಧವಿತ್ತು, ಮಾಸ್ತರರ ಸ್ವಂತದ್ದು ಮಾತ್ರ ಒಂದೂ ಇರಲಿಲ್ಲ.

ಅಲ್ಲಿಂದ ಸುರುವಾಯಿತು. ಮಾಸ್ತರರು ಒಂದು ಹಾಡು ಕಟ್ಟುವರು, ರವಿವಾರ ಮೆಕ್ಯಾನಿಕ್ ಕೇಳಿ ಇದು ಇಂಥವರದ್ದು ಎನ್ನುವನು. ಮತ್ತೊಂದು ಕಟ್ಟುವರು, ಅದೂ ಯಾರದೋ. ಮಾಸ್ತರರ ಮುಖ ಇಳಿದು ಹೋಯಿತು. ರೊಟ್ಟಿ ಕೊಟ್ಟರೆ ಹಾಗೇ ಇಟ್ಟು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಪೆಟ್ಟಿಗೆ ಸತ್ತಿತ್ತು. ಕರೆಂಟಿಲ್ಲದ ಆ ಗಿಟಾರಿಗೆ ದನಿಯೇ ಇರುವುದಿಲ್ಲ, ಬರೀ ತಂತಿಯ ಚಿಟಿಚಿಟಿ. ನಾನು ಪಡಸಾಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದೆ. ಆ ಸಣ್ಣ ಸಪ್ಪಳ ಖೋಲಿಯಿಂದ ಬರತೊಡಗಿತು. ಸಾವಕಾಶ. ನಾಲ್ಕು ಹೆಜ್ಜೆ ನಡೆದು, ಒಂದು ಕಡೆ ಕಾಲು ತಡೆದ ಹಾಗೆ ನಿಂತು, ಮತ್ತೆ ನಡೆಯುವುದು... ಪ್ರತಿ ಸಲವೂ ಅಲ್ಲೇ ನಿಲ್ಲುವುದು.

"ಅಲ್ಲಿ ಮರತ್ರೇನ್ರಿ ಮಾಸ್ತರ?" ಎಂದು ಕೂತಲ್ಲಿಂದಲೇ ಕೂಗಿದೆ.

"ಮರತಿಲ್ಲ ಆಯಿ. ಅಲ್ಲಿ ಅದು ಹಂಗ ಐತಿ."

"ಹಂಗಂದ್ರ ತಪ್ಪೈತಿ."

ಒಳಗೆ ನಕ್ಕದ್ದು ಕೇಳಿಸಿತು. "ಇರಲಿ. ತಪ್ಪಾದ್ರೂ ನಂದೈತಿ."

ರವಿವಾರ ಮೆಕ್ಯಾನಿಕ್ ಕೇಳಿ, ಇನ್ನೊಮ್ಮೆ ಬಾರಿಸಲು ಹೇಳಿದ. ಆಮೇಲೆ, "ಇದು ಯಾರದೂ ಅಲ್ರಿ ಸರ್" ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಮಾಸ್ತರರು ಬೆಳಗಾವಿಗೆ ಹೋದ ದಿನ ಮೆಕ್ಯಾನಿಕ್ ಕೆಲಸ ಬಿಟ್ಟು ಬಂದು ನಮ್ಮ ಕಟ್ಟೆಯ ಮೇಲೆ ಕಾದ. ಮಾಸ್ತರರು ಗೋಕಾಕದಲ್ಲಿ ಬಸ್ಸು ಬದಲಿಸಿ ದೀಪ ಹಚ್ಚುವ ಹೊತ್ತಿಗೆ ಬಂದರು.

"ತಗೊಂಡ್ರು" ಅಂದರು.

ಮೆಕ್ಯಾನಿಕ್ ಜಿಗಿದೇ ಬಿಟ್ಟ. "ನಾ ಹೇಳಿದ್ದಿಲ್ಲೇನ್ರಿ? ಆ ಹಾಡು ಕೇಳಿ ಏನಂದ್ರು?"

"ಅರ್ಧಕ್ಕ ನಿಲ್ಲಸಂದ್ರು. ಮಂದಿಗಿ ಹಿಡಿಯಂಗಿಲ್ಲಂತ. ಕೈ ನೋಡಿ ತಗೊಂಡಾರ. ಹಾಡು ನಮ್ಮವು ಅದಾವು, ನೀವು ಅವನ್ನಷ್ಟ ಬಾರಸ್ರಿ ಅಂದಾರ."

"ಹಂಗಾದ್ರ ಹೋಗಬ್ಯಾಡ್ರಿ!"

ಮಾಸ್ತರರು ನನ್ನ ಕಡೆ ನೋಡಿದರು. "ಆಯಿ, ನೀವು ಹೇಳ್ರಿ."

"ಕರದಾರ, ಹೋಗ್ರಿ. ಬಟ್ಟಿ ಅವರದು, ಹೊಲಿಗಿ ನಿಮ್ದು. ನಾ ಜನ್ಮಪೂರ್ತಿ ಅದನ್ನ ಮಾಡೇನಿ."

"ನಿಮ್ಮ ಕೌದಿ ಹೊದ್ದವರು ನಿಮ್ಮ ಹೆಸರ ಹೇಳ್ತಾರೇನ ಆಯಿ?" ಎಂದು ಮೆಕ್ಯಾನಿಕ್ ನನ್ನ ಮೇಲೆ ಹಾಯ್ದ.

"ಹೇಳಂಗಿಲ್ಲ. ಥಂಡಿ ಹತ್ತಂಗಿಲ್ಲ, ಅಷ್ಟ."

ಸಾಲಿಯ ವರ್ಷ ಮುಗಿದ ಮೇಲೆ ಮಾಸ್ತರರು ಹೋದರು. ಬೆಳಗಾವಿಯಲ್ಲಿ ಟ್ಯೂಷನ್ ಹೇಳುತ್ತ ತಂಡದಲ್ಲಿ ಬಾರಿಸುವುದೆಂದು ಠರಾವಾಗಿತ್ತು. ಹೋಗುವ ದಿನ ಗೋಡೆಯಿಂದ ಕೌದಿ ಕಿತ್ತು, ಮಡಚಿ, ನನ್ನ ಮುಂದಿಟ್ಟರು. ಗೋಡೆ ಬಿಟ್ಟು ಇಳಿದ ಮೇಲೆ ಅದನ್ನು ಯಾರಾದರೂ ಹೊದೆಯುವವರೇ. ಹೊಟ್ಟೆ ಮುಚ್ಚಬೇಕಲ್ಲ, ರೊಟ್ಟಿಯ ಚೂರು ತಂದೆ. ಅವರು ಕಿಸೆಯಿಂದ ಗಿಟಾರು ಮೀಟುವ ಪಿಕ್ಕು ತೆಗೆದರು. ಮೂರು ಮೂಲೆಯ ಕೆಂಪು ಪ್ಲಾಸ್ಟಿಕ್ಕಿನ ಬಿಲ್ಲೆ, ಒಂದು ಮೂಲೆ ಸವೆದಿತ್ತು.

"ಇದನ್ನೂ ಇಡ್ರಿ."

"ಇದೇನ್ ತಿನ್ನೂದೇನ್ರಿ?"

"ಆ ಹಾಡು ಇದರಾಗ ಬಾರಿಸಿದ್ದು. ಅಲ್ಲಿ ಒಯ್ದು ಏನ್ ಮಾಡ್ಲಿ?"

ಎರಡನ್ನೂ ಇಟ್ಟು ಹೊಲಿದೆ. ಅವರು ನೋಡುತ್ತ ಕೂತಿದ್ದರು. ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು.

ಆಮೇಲೆ ಒಂದು ಸಲ ಮೆಕ್ಯಾನಿಕ್ ಫೋನಿನಲ್ಲಿ ತೋರಿಸಿದ. ದೊಡ್ಡ ಸ್ಟೇಜು, ಹೊಗೆ, ಕೆಂಪು ಹಸಿರು ದೀಪ. ಮಾಸ್ತರರು ಒಂದು ಮಗ್ಗುಲಿಗೆ ನಿಂತಿದ್ದರು. ಮುಖ ಕಾಣುತ್ತಿರಲಿಲ್ಲ. ಬೆರಳು ನೋಡಿ ಗುರುತು ಹಿಡಿದೆ. ಎಲ್ಲೂ ತಡವರಿಸಲಿಲ್ಲ.

ಎರಡು ಮಳೆಗಾಲ ಕಳೆದಿರಬೇಕು... ಮಾಸ್ತರರು ಕಾಮಾಲೆ ಆಗಿ ತೀರಿ ಹೋದರೆಂದು ಹೇಳಲು ಅದೇ ಮೆಕ್ಯಾನಿಕ್ ಬಂದ. ಚಹಾ ಕೊಟ್ಟೆ, ಕುಡಿದ. ನಾನು ಅಳಲಿಲ್ಲ. ಬಾಡಿಗೆಯವರು, ನಮ್ಮ ರಕ್ತದವರಲ್ಲ. ಆ ಹಾಡು ಫೋನಿನಲ್ಲಿ ಐತೇನೋ ಎಂದು ಕೇಳಿದೆ. ಇಲ್ಲವೆಂದ. ಪರದೇಶದವರ ಹಾಡು ಬಾರಿಸಿದ್ದೆಲ್ಲ ಹಿಡಿದಿಟ್ಟಿದ್ದನಂತೆ, ಅದೊಂದನ್ನು ಹಿಡಿದಿರಲಿಲ್ಲ. ನಾಳೆ ಹಿಡಿದರಾಯಿತು ಎಂದುಕೊಂಡಿದ್ದನಂತೆ. ಹೇಳಿ ಎದ್ದು ಹೋದ. ಈಗ ಅವನದೇ ಗ್ಯಾರೇಜು ಇದೆ, ಇತ್ತ ಬರುವುದು ಕಡಿಮೆ.

ಮೊಮ್ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಹಿಂದೆ ಇದ್ದ ಮಾಸ್ತರರ ಗಿಟಾರಿನ ಬಿಲ್ಲೆ ಅಂದೆ. ರೊಟ್ಟಿಯ ಚೂರು ಯಾವಾಗಲೋ ತೊಳೆತಕ್ಕೆ ಕರಗಿ ಹೋಗಿದೆ, ಬಿಲ್ಲೆ ಉಳಿದಿದೆ.

"ತಗದ ಬಿಡ್ಲೇನ ಆಯಿ? ಹೊದ್ದಕೊಂಡ್ರ ಚುಚ್ಚತೈತಿ."

"ಚುಚ್ಚಲಿ. ಇರಲಿ ಬಿಡು."

"ಏನ್ ಬಾರಸ್ತಿದ್ರು ಅವರು?"

ಪರದೇಶದವರ ಹಾಡು ಅಷ್ಟೊಂದು ಕೇಳಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಹಾಗೆಂದು ಮೆಕ್ಯಾನಿಕ್ ಹೇಳಿದ್ದೇ ಸರಿ ಎಂದು ನಾನೇನೂ ಒಪ್ಪುವುದಿಲ್ಲ. ಕೈಯೇ ಮೊದಲು. ಕರೆಂಟು ಹೋದ ಆ ಮಧ್ಯಾಹ್ನದ್ದನ್ನು ಮಾಳಿಗೆಯ ಗೋಡೆಯ ಮೇಲೆ ಬೆರಳಿನಿಂದ ಬಡಿದು ತೋರಿಸಿದೆ. ನಾಲ್ಕು ಹೆಜ್ಜೆ ಬಂದವು. ಕಾಲು ತಡೆಯುವ ಜಾಗವೂ ಸರಿಯಾಗಿ ಬಂತು.

"ಮುಂದ?" ಅಂದಳು.

ಮುಂದಿನದು ಬರಲಿಲ್ಲ. ಮತ್ತೆ ಮೊದಲಿನಿಂದ ಬಡಿದೆ, ಮತ್ತೆ ಅಲ್ಲಿಗೇ ನಿಂತಿತು. ಬಿಸಿಲು ಇಳಿಯುತ್ತಿತ್ತು. ಕೌದಿಯ ಇನ್ನೊಂದು ಮಗ್ಗುಲು ಕಾಯಬೇಕಿತ್ತು. ಆ ತುದಿ ಹಿಡಿ ಎಂದು ಮೊಮ್ಮಗಳಿಗೆ ಹೇಳಿ, ತಿರುವಿ ಹಾಕಿದೆ.