ಅಜ್ಜಿಯ ಬೆಳ್ಳಿ ಬಟ್ಟಲು

ಗದಗ ಜಿಲ್ಲೆಯಾದ ಹೊಸತರಲ್ಲಿ ನಾನು ಬೆಟಗೇರಿಯ ಬಣ್ಣಗಾರರ ಮನೆಗೆ ಸೊಸೆಯಾಗಿ ಬಂದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳೆಂದು ಮಾವ ಹಿತ್ತಲಿನ ಹೊಲಸು ನೀರಿನ ತೊಟ್ಟಿಯನ್ನು ನನ್ನ ಕೊರಳಿಗೆ ಕಟ್ಟಿದರು. ನೂಲಿಗೆ ಬಣ್ಣ ಹತ್ತಲೆಂದು ಹಾಕಿದ ಸಲ್ಫೇಟ್ ಉಪ್ಪೆಲ್ಲ ಆ ನೀರಿನಲ್ಲೇ. ಗಾಳಿಯಾಡದ ತೊಟ್ಟಿಯೊಳಗೆ ನಾವು ಕಲಸಿದ ಸಗಣಿಯಿಂದ ಬಂದ ಸೂಕ್ಷ್ಮಜೀವಿಗಳು ಆ ಉಪ್ಪನ್ನು ಕೊಳೆತ ಮೊಟ್ಟೆಯ ನಾತವಾಗಿಸುತ್ತಿದ್ದವು. ಆಮೇಲೆ ನೀರು ಹಾಯುವ ಪಕ್ಕದ ಗುಂಡಿಯ ಕಬ್ಬಿಣದ ಚೂರು ಆ ನಾತವನ್ನು ಹಿಡಿದುಕೊಳ್ಳುತ್ತಿತ್ತು. ಚಳಿ ಬಿದ್ದರೆ ಈ ಜೀವಿಗಳು ನನ್ನ ಗಂಡನ ಹಾಗೆ, ಏಳುತ್ತಲೇ ಇರಲಿಲ್ಲ. ಉಪ್ಪು ಹಾಗೆಯೇ ಹೊರಗೆ ಹರಿದು, ತೊಟ್ಟಿಯಲ್ಲಿ ಮುಗಿಯಬೇಕಾದ ಕೆಲಸ ಗಟಾರದಲ್ಲಿ ನಡೆದು ಓಣಿಯೆಲ್ಲ ನಾರುತ್ತಿತ್ತು.

ಆ ಗಾಳಿಗೆ ಬೆಳ್ಳಿ ಕಪ್ಪಾಗುತ್ತದೆ. ಪಕ್ಕದ ಮನೆಯ ಅಜ್ಜಿಯದು ಗುಡಿಯ ಪೂಜೆ ಮಾಡುವ ಮನೆತನ. ಅವರ ದೇವರ ಹಾಲಿನ ಬೆಳ್ಳಿ ಬಟ್ಟಲು ಕಪ್ಪಿಟ್ಟದ್ದನ್ನು ಕಂಡು ಮಾವ ಕುಸಿದೇ ಹೋದರು; ಅದನ್ನು ಬೆಳಗಿಸಿ ತಂದು ಅಜ್ಜಿಯ ಕೈಗಿಟ್ಟರು.

"ಅವ್ವಾರ, ಇದನ್ನ ನಿಮ್ಮ ಕಿಡಕ್ಯಾಗ ಇಡ್ರಿ. ಮತ್ತ ಕಪ್ಪಾತಂದ್ರ ಖರೆ ಹೇಳ್ತೀನಿ, ಬಣ್ಣದ ಒಲಿ ಆರಸ್ತೀನಿ."

ಅವರು ಮಾತು ಕೊಟ್ಟರೆ ಮುಗಿಯಿತು. ನಾವೆಲ್ಲ ಉಣ್ಣುತ್ತಿದ್ದದ್ದು ಆ ಒಲೆಯಿಂದ.

ಬಿಸಿನೀರು ನೆಲಕ್ಕೆ ಚೆಲ್ಲಬಾರದು, ಕಣ್ಣಿಗೆ ಕಾಣದ ಜೀವಗಳು ಸುಟ್ಟು ಸಾಯುತ್ತವೆ ಎಂಬ ನೇಮ ನಮ್ಮ ಮನೆಯಲ್ಲೂ ಇತ್ತು, ಅಜ್ಜಿಯ ಮನೆಯಲ್ಲೂ ಇತ್ತು. ಹಾಗಾಗಿ ಮಾವ ಕುದಿದ ಬಣ್ಣದ ನೀರನ್ನು ಪೂರ್ತಿ ತಣ್ಣಗಾಗಿಸಿಯೇ ತೊಟ್ಟಿಗೆ ಬಿಡುತ್ತಿದ್ದರು. ಬೆಚ್ಚಗಾದರೆ ಜೀವಿಗಳು ಏಳುತ್ತವೆ, ಉಗುರುಬೆಚ್ಚಗಿರುವಾಗಲೇ ಬಿಡೋಣ ಎಂದರೆ, "ಒಳಗ ಜೀವ ಅದಾವಂತ ನೀನ ಹೇಳ್ತಿ, ಸುಡು ಅಂತ ನೀನ ಹೇಳ್ತಿ," ಎನ್ನುತ್ತಿದ್ದರು. ಅಷ್ಟು ಕರುಣೆಯ ಮನುಷ್ಯನ ಜೊತೆ ಜಗಳವಾಡುವುದಾದರೂ ಹೇಗೆ?

ಅಜ್ಜಿಯ ಕಿಟಕಿಯಲ್ಲಿ ಬಟ್ಟಲು ಮಾತ್ರ ದಿನಾ ಫಳಫಳ. ಮಾವ ಹಿಗ್ಗಿದರು. ನನ್ನ ಮೂಗು ನಂಬಲಿಲ್ಲ.

ಒಂದು ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳಲು ಹೋದರೆ ಅಜ್ಜಿ ಕಟ್ಟೆಯ ಮೇಲೆ ಕೂತು ವಿಭೂತಿ ಹಚ್ಚಿ ಬಟ್ಟಲು ತಿಕ್ಕುತ್ತಿದ್ದರು. ಅಂಗೈ ಕಪ್ಪಾಗಿತ್ತು.

"ನಿಮ್ಮ ಮಾವಗ ಹೇಳಬ್ಯಾಡ ಯವ್ವಾ. ಒಂದ ಬಟ್ಟಲ ಸಲುವಾಗಿ ಒಲಿ ಆರಸೂದೇನು?"

ನಾನು ಕೇಳುವವಳೇ? ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಅಜ್ಜಿಯ ಕೈ ಹಿಡಿದು ಕರೆತಂದು ಮಾವನ ಮುಂದೆ ಚಾಚಿಸಿದೆ.

"ಹಂಗಾದ್ರ ಒಲಿ ಆರಸೂದ," ಎಂದರು ಮಾವ, ಸಣ್ಣ ದನಿಯಲ್ಲಿ.

"ಮಾತ ಕೊಟ್ಟಿದ್ದು ನನಗ, ತಮ್ಮಾ. ನಾ ತಿರಗಿ ಕೊಟ್ಟೀನಿ. ಮೊದಲ ಈಕಿ ಹೇಳಿದ್ದ ಕೇಳು."

ಮರುದಿನದಿಂದ ಮಾವ ಕೂಸಿಗೆ ಎರೆಯುವ ನೀರು ನೋಡುವಂತೆ ಮೊಣಕೈ ಅದ್ದಿ ನೋಡಿ, ಬೆಚ್ಚಗಿನ ನೀರನ್ನೇ ತೊಟ್ಟಿಗೆ ಬಿಟ್ಟರು. ನಾನು ಮೇಲೆ ಹಳೆಯ ಕೌದಿ ಹೊದಿಸಿದೆ. ನಾತ ಮೆಲ್ಲಗೆ ಇಳಿಯಿತು.

ಶಿವರಾತ್ರಿಗಿಂತ ಮುಂಚೆ ಅಜ್ಜಿ ಬಟ್ಟಲು ಹಿಡಿದು ಬಂದರು. "ಅಮಾಸಿಯಿಂದ ತಿಕ್ಕಿಲ್ಲ ನೋಡು."

ಮಾವ ಮೊದಲು ಅಜ್ಜಿಯ ಅಂಗೈ ನೋಡಿದರು, ಆಮೇಲೆ ಬಟ್ಟಲು.