ಹೆಸರಿಲ್ಲದ ವರದಿ

ನೌಕಾಪಡೆಯಲ್ಲಿ ನನ್ನದು ಸಮವಸ್ತ್ರವಿಲ್ಲದ ನೌಕರಿ. ಕಾರ್ಯಾಗಾರಗಳಲ್ಲಿ ದುಡಿಯುವವರಿಗೆ ಪೆಟ್ಟಾಗದಿರಲು ಬೇಕಾದ ಸುರಕ್ಷತಾ ನೀತಿ ಬರೆಯುವ ತಂಡದಲ್ಲಿದ್ದೆ. ಹಡಗಿನ ಬಿಡಿಭಾಗ ಮಾಡಿಕೊಡುವ ಖಾಸಗಿ ಕಾರ್ಖಾನೆಗಳಿಗೂ ಅದನ್ನು ಅನ್ವಯಿಸಬೇಕೆಂದು ತೀರ್ಮಾನವಾದಾಗ, ಕರಡನ್ನು ಪ್ರಯೋಗಿಸಿ ನೋಡಲು ನನ್ನನ್ನು ಒಂದು ವರ್ಷ ನಾಶಿಕಕ್ಕೆ ಕಳುಹಿಸಿದರು. ಅಲ್ಲಿನ ಕೈಗಾರಿಕಾ ಪ್ರದೇಶವಾದ ಅಂಬಡ್‌ನಲ್ಲಿ ಕೋಣೆ ಹಿಡಿದೆ.

ಹತ್ತಿರದ ವಾಲ್ವ್ ಕಾರ್ಖಾನೆಗೆ ನಾನು ಕಾಲಿಟ್ಟೊಡನೆ ಮಾತು ನಿಲ್ಲುತ್ತಿತ್ತು. ಎಲ್ಲರೂ ಹೆಲ್ಮೆಟ್ ಹುಡುಕುತ್ತಿದ್ದರು. ಊಟದ ಹೊತ್ತಿಗೆ ನನ್ನ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಸಂಜೆ ಮನೆಯೊಡತಿ ನಳದಲ್ಲಿ ನೀರು ಬಂದುಹೋಯಿತೆಂದು ಮರಾಠಿಯಲ್ಲಿ ಹೇಳುತ್ತಿದ್ದುದೇ ಎಷ್ಟೋ ದಿನ ನಾನು ಕೇಳಿದ ಕೊನೆಯ ಮಾತು.

ಒಮ್ಮೆ ಗೇಟಿನ ಬಳಿ ಅವ್ವನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮುಗಿಸುವವರೆಗೆ ಕಾದು ನಿಂತಿದ್ದ ವಯಸ್ಸಾದ ಫಿಟ್ಟರೊಬ್ಬರು ಕೇಳಿದರು, ‘ಬೀದರ್ ಕಡಿಯವ್ರೇನ್ರಿ?’

‘ಹೌದ್ರಿ. ನೀವು?’

‘ಕಲಬುರಗಿ ಬಾಜೂಕ. ನಮ್ಮ ಮಕ್ಕಳಿಗಿ ಕನ್ನಡ ತಿಳೀತದ, ಮಾತಾಡಂಗಿಲ್ಲ.’

ಅಂದಿನಿಂದ ಅವರು ಚಹಾಕ್ಕೆ ನನ್ನ ಪಕ್ಕ ಕೂರತೊಡಗಿದರು. ಮನೆಯಿಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತರುತ್ತಿದ್ದರು. ‘ಮೇಡಂ’ ಹೋಗಿ ‘ತಂಗಿ’ ಆದೆ. ಆ ಹತ್ತು ನಿಮಿಷಕ್ಕಾಗಿ ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ಒಂದು ದಿನ ಅವರು ದನಿ ತಗ್ಗಿಸಿದರು. ‘ಹೋದ ವಾರ ವಾಲ್ವಿಗಿ ಪ್ರೆಶರ್ ಕೊಡೂ ಮುಂದ ಪ್ಲಗ್ ಹಾರಿ ಕಿವಿ ಬಾಜೂಕ ಹೋಯ್ತು, ತಂಗಿ. ಬಗ್ಗಿದ್ದೆ, ಅದಕ್ಕ ಉಳದೆ. ಪ್ಲಗ್ ಹಿಡಿಯೂ ಕ್ಲ್ಯಾಂಪ್ ಸವೆದದ.’

‘ಯಾರಿಗೂ ಹೇಳಲಿಲ್ಲೇನ್ರಿ?’

‘ಹೇಳಿದ್ರ ನಿಂದೇ ತಪ್ಪು ಅಂತಾರ.’

ಇಂಥ ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳು ಹೊರಬರಲೆಂದೇ ನಮ್ಮ ಕರಡಿನಲ್ಲಿ ಒಂದು ನಿಯಮವಿತ್ತು: ತಿಳಿಸಿದವರ ಹೆಸರು ಬರೆಯಬಾರದು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ವರದಿ ಬರೆದೆ. ಎಲ್ಲವೂ ನಿಖರವಾಗಿರಲೆಂದು, ಕೆಲಸಗಾರ ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಬಗ್ಗಿದ್ದ ಎಂದೂ ಸೇರಿಸಿದೆ. ಆ ಶೆಡ್ಡಿನಲ್ಲಿ ಎಡಚರಿದ್ದದ್ದು ಅವರೊಬ್ಬರೇ. ನನಗದು ಹೊಳೆಯಲೇ ಇಲ್ಲ.

ಮ್ಯಾನೇಜರ್ ಓದಿ ವರದಿಗೆ ಧನ್ಯವಾದ ಹೇಳಿದ. ಎರಡೇ ದಿನದಲ್ಲಿ ಕ್ಲ್ಯಾಂಪ್ ಹೊಸದಾಯಿತು. ಮುಂದಿನ ವಾರ ಆ ಫಿಟ್ಟರನ್ನು ಕಂಪನಿಯ ದೂರದ ಶೇಂದ್ರಾ ಘಟಕಕ್ಕೆ ವರ್ಗ ಮಾಡಿದರು. ಹೆಂಡತಿ ಮಕ್ಕಳು ಅಂಬಡ್‌ನಲ್ಲೇ ಉಳಿದರು. ವರ್ಗ ರದ್ದು ಮಾಡಿ ಎಂದು ನಾನು ಕೇಳಿದ್ದಕ್ಕೆ ಮ್ಯಾನೇಜರ್, ‘ರುಟೀನ್ ಆಹೇ, ಮ್ಯಾಡಮ್’, ಮಾಮೂಲಿ ವರ್ಗವಷ್ಟೇ ಎಂದ. ನನ್ನ ಮೇಲಧಿಕಾರಿಗಳಿಗೆ ಬರೆದೆ. ಉತ್ತರ ಬರಲಿಲ್ಲ.

ಸಂಭಾಜಿನಗರದ ಬಸ್ಸು ಹತ್ತಿ, ಅಲ್ಲಿಂದ ಶೇಂದ್ರಾಕ್ಕೆ ಹೋದೆ. ಅವರು ಕೈ ಒರೆಸಿಕೊಳ್ಳುತ್ತ ಹೊರಬಂದರು.

‘ನನ್ನ ತಪ್ಪಾತ್ರಿ’ ಎಂದೆ.

ಅವರು ಹಿಂದೆ ನಿಂತಿದ್ದ ಸೂಪರ್‌ವೈಸರನ ಕಡೆ ಒಮ್ಮೆ ನೋಡಿದರು. ‘ಕೋಯಿ ಬಾತ್ ನಹೀ, ಮೇಡಂ. ಯಹಾಂ ಸಬ್ ಠೀಕ್ ಹೈ.’ ಪರವಾಗಿಲ್ಲ, ಇಲ್ಲೆಲ್ಲ ಸರಿಯಿದೆ ಎಂದರು, ಹಿಂದಿಯಲ್ಲಿ.

ಕನ್ನಡದಲ್ಲಿ ಮತ್ತೆರಡು ಮಾತು ಕೇಳಿದೆ. ಹಿಂದಿಯಲ್ಲೇ ಉತ್ತರಿಸಿ, ನಮಸ್ಕರಿಸಿ ಒಳಗೆ ಹೋದರು. ರಸ್ತೆಗೆ ಬಂದೆ. ಬಂದ ಮೊದಲ ಬಸ್ಸನ್ನು ಹತ್ತಲಾಗಲಿಲ್ಲ.

ಕೋಣೆಗೆ ಮರಳಿ ಕರಡಿಗೆ ಒಂದು ಸಾಲು ಸೇರಿಸಿದೆ: ವರದಿ ಕಳುಹಿಸುವ ಮೊದಲು ಅದನ್ನು ತಿಳಿಸಿದವರಿಗೇ ಓದಿ ಹೇಳಬೇಕು, ಅವರು ಬೇಡವೆಂದ ಪ್ರತಿ ಪದವನ್ನೂ ತೆಗೆಯಬೇಕು. ತಿಂಗಳುಗಳ ಬಳಿಕ ಮುಖ್ಯ ಕಚೇರಿಯ ಸಭೆಯಲ್ಲಿ ಅದು ಚರ್ಚೆಯಿಲ್ಲದೆ ಒಪ್ಪಿಗೆಯಾಯಿತು. ಯಾಕೆ ಸೇರಿಸಿದಿರಿ ಎಂದು ಯಾರಾದರೂ ಕೇಳುತ್ತಾರೆಂದು ಕಾದೆ. ಅಧ್ಯಕ್ಷರು ಪುಟ ತಿರುಗಿಸಿದರು.