ಕೊಳಲಿನ ಕೆಳಗಿದ್ದ ಮಾತು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಲ ಅದನ್ನು ಕೆರಳಿಸಿದ್ದು ಯಾರೋ ಕೇಳುಗರು ಬರೆದಿದ್ದ ನಾಲ್ಕು ಸಾಲು. 'ನಿಮ್ಮ ಸಂದರ್ಶನಗಳು ಚೆನ್ನಾಗಿವೆ. ಆದರೆ ಸಂತೆಯಲ್ಲಿ ಕೂತು ಕೇಳಿದ ಹಾಗಿರುತ್ತದೆ. ನಡುನಡುವೆ ತೆಲುಗು ಬೇರೆ. ಇದು ಕನ್ನಡ ಪಾಡ್‌ಕಾಸ್ಟ್ ತಾನೇ?' ಕೋಲಾರದ ನಮ್ಮ ಮನೆಯ ಹಿಂದಿನ ಕೋಣೆಯಿಂದ, ಈ ಕಡೆಯ ಕಸುಬಿನವರನ್ನು ಮಾತಾಡಿಸಿ ಎಪಿಸೋಡು ಮಾಡುತ್ತಿದ್ದವಳು ನಾನೊಬ್ಬಳೇ. ಉತ್ತರವನ್ನು ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಇವರಿಗೆ ಮಾಡಿಯೇ ತೋರಿಸುತ್ತೇನೆ ಎಂದುಕೊಂಡೆ. ಹೊಸ ಮೈಕು ತಂದೆ. ಸದ್ದು ಸೋಸುವುದನ್ನು ಕಲಿತೆ. ಕಥೆ ಎಳೆದಾಡದ ಹಾಗೆ ಕತ್ತರಿಸುವುದನ್ನೂ ಕಲಿತೆ.

ಹಾಗೆ ಕಲಿತು ಮಾಡಿದ ಮೊದಲ ಎಪಿಸೋಡು ಶ್ರೀನಿವಾಸಪುರದ ಒಬ್ಬ ಮಾವಿನ ವ್ಯಾಪಾರಿಯದು. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು, ಬಾಯಿಬಿಡದೆ ದರ ಕುದುರಿಸುವ ಹಳೆಯ ಪದ್ಧತಿಯಲ್ಲಿ ಪಳಗಿದವರು. ಎಡಗಿವಿ ಮಂದ. 'ಬೆರಳಲ್ಲಿ ರೇಟ್ ಹೇಳೋಕೆ ಕಿವಿ ಯಾಕಮ್ಮ ಬೇಕು' ಎಂದು ನಕ್ಕಿದ್ದರು. ಅವರ ಎಡಗಡೆಯೇ ಹೆಂಡತಿ ಕೂತು ಕಾಯಿ ವಿಂಗಡಿಸುತ್ತಿದ್ದರು. ಗಂಡನದು ಒಂದು ಮಾತಾದರೆ ಆಕೆಯದು ಎರಡು. 'ಅದಿ ಕಾದಯ್ಯಾ', ಹಾಗಲ್ಲ ಅದು ಎಂದು ತೆಲುಗಿನಲ್ಲಿ ತಡೆದು, ಯಾವ ವರ್ಷ, ಯಾವ ತೋಟ, ಯಾರು ಟೋಪಿ ಹಾಕಿದರು ಎಂಬುದನ್ನೆಲ್ಲ ತಿದ್ದುತ್ತಿದ್ದರು. ನನಗೆ ಸಾಕಾಗಿಹೋಗಿ, 'ಅಕ್ಕಾ, ಸ್ವಲ್ಪ ಹೊತ್ತು ಸುಮ್ನಿರಿ' ಎಂದೂ ಅಂದುಬಿಟ್ಟೆ. 'ನಾನೇನಂದೆ ಈಗ?' ಎಂದರು ಆಕೆ.

ಮುಗಿಸುವಾಗ ಅವರು ಹೆಂಡತಿಯ ಕಡೆ ಕೈ ಮಾಡಿ, 'ಇವಳಿಲ್ದಿದ್ರೆ ನಾನೆಲ್ಲಿ ವ್ಯಾಪಾರ ಮಾಡ್ತಿದ್ದೆ' ಎಂದರು. ಆಕೆ ಕಾಯಿಯ ಮೇಲಿನ ಕಣ್ಣು ತೆಗೆಯದೆ ಮೆಲ್ಲಗೆ ತೆಲುಗಿನಲ್ಲಿ ಏನೋ ಹೇಳಿದರು. ಗಂಡನಿಗೆ ಕೇಳಿಸಲಿಲ್ಲ.

'ಏನೇ? ಏನಂದೆ?'

'ಹೋಗಯ್ಯ, ಇನ್ನೊಂದ್ಸಲ ಹೇಳಲ್ಲ. ಅದ್ರಲ್ಲಿ ಬರುತ್ತಲ್ಲ, ಆಗ ಕೇಳ್ಕೋ' ಎಂದು ಆಕೆ ನನ್ನ ಮೈಕು ತೋರಿಸಿದರು.

ಮನೆಗೆ ಬಂದು, ಆಕೆಯ ದನಿ ಬಂದಲ್ಲೆಲ್ಲ ಕತ್ತರಿ ಹಾಕಿದೆ. ನಮ್ಮ ಮನೆಮಾತೂ ತೆಲುಗೇ. ನಾನು ಹುಟ್ಟಿ ಬೆಳೆದ ಮುಳಬಾಗಿಲಿನಲ್ಲಿ ಅಮ್ಮ ನನ್ನನ್ನು ಬಯ್ದಿದ್ದು, ಮುದ್ದು ಮಾಡಿದ್ದು ಎಲ್ಲ ಆ ಮಾತಿನಲ್ಲೇ. ಆದರೂ ಕತ್ತರಿಸಿದೆ, ಯಾರೋ ಗುರುತಿಲ್ಲದವರ ನಾಲ್ಕು ಸಾಲಿಗೆ ಹೆದರಿ. ಗಂಡನ 'ಇವಳಿಲ್ದಿದ್ರೆ' ಎಂಬ ಆ ಮಾತಿನ ಬೆನ್ನಿಗೇ ಒಂದು ಕೊಳಲು ಹಾಕಿದೆ. ಎಷ್ಟು ಚೆನ್ನಾಗಿ ಕೂತಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಜಾಗ ಸಾಲದೆಂದು ಮೂಲ ರೆಕಾರ್ಡಿಂಗನ್ನೂ ಅಳಿಸಿದೆ. ಎಪಿಸೋಡನ್ನು ಜನ ಹೊಗಳಿದರು. ಸೀಸನ್ನಿನ ಗಡಿಬಿಡಿಯಲ್ಲಿದ್ದ ಗಂಡಹೆಂಡಿರು ಮಾತ್ರ ಕೇಳಿರಲಿಲ್ಲ.

ಮುಂದಿನ ವರ್ಷ ಮಾವು ಹೂ ಬಿಡುವ ಕಾಲಕ್ಕೆ ಆ ವ್ಯಾಪಾರಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು, ಒಬ್ಬರೇ. ಹೆಂಡತಿ ಹೋಗಿ ತಿಂಗಳಾಗಿತ್ತು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲವಂತೆ.

'ಫೋಟೋ ಬೇಕಾದಷ್ಟಿದೆ ಕಣಮ್ಮ. ಅವಳ ದನಿ ಇರೋದು ನಿನ್ನ ಹತ್ರ ಒಂದೇ. ಅವತ್ತು ಏನೋ ಅಂದ್ಲಲ್ಲ, ಅದನ್ನ ಕೇಳ್ಕೊಂಡು ಹೋಗ್ತೀನಿ.'

ಆಗಲೇ ಹೇಳಬೇಕಿತ್ತು. ಹೇಳುವ ಧೈರ್ಯ ಬರಲಿಲ್ಲ. ಅವರ ಕಿವಿಗೆ ಹೆಡ್‌ಫೋನು ಕೊಟ್ಟು ಎಪಿಸೋಡು ಹಾಕಿದೆ. ತಾವು ವರ್ಷ ತಪ್ಪು ಹೇಳಿದ ಒಂದೊಂದು ಕಡೆಯಲ್ಲೂ ಅವರು ಎಡಕ್ಕೆ ಕತ್ತು ತಿರುಗಿಸುತ್ತಿದ್ದರು. ತಿದ್ದುವವರು ಯಾರೂ ಇರಲಿಲ್ಲ. ಕೊನೆಯಲ್ಲಿ ಕೊಳಲು ಶುರುವಾದಾಗ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು.

'ಇಲ್ಲೇ ಕಣಮ್ಮ, ಇಲ್ಲೇ ಅಂದಿದ್ದು. ಈ ಪೀಪಿ ತೆಗಿ. ಅದರ ಕೆಳಗಿರ್ತಾಳೆ.'

ಕೆಳಗೆ ಏನೂ ಇಲ್ಲ, ನಾನೇ ಕತ್ತರಿಸಿದೆ, ಅಳಿಸಿಯೂ ಬಿಟ್ಟೆ ಎಂದೆ. ಅವರು ನನ್ನನ್ನೇ ನೋಡಿದರು.

'ಹೋಗ್ಲಿ, ನೀನು ಕೇಳಿದ್ಯಲ್ಲ. ನಿಂಗೆ ತೆಲುಗು ಬರುತ್ತಲ್ಲ. ಏನಂದ್ಲು ಹೇಳಮ್ಮ.'

ಕೇಳಿದ್ದೆ. ಹೆಡ್‌ಫೋನು ಹಾಕಿಕೊಂಡು, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ಮತ್ತೆ ಮತ್ತೆ ಕೇಳಿದ್ದೆ. ಕಣ್ಣು ಮಾತ್ರ ಪರದೆಯಲ್ಲಿ ದನಿ ಮೂಡಿಸುವ ಗೆರೆಯ ಮೇಲಿತ್ತು. ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಇವತ್ತಿಗೂ ಹೇಳಬಲ್ಲೆ. ಏನೆಂದರು ಎಂಬುದು ಗೊತ್ತಿಲ್ಲ. ಏನಾದರೊಂದು ಒಳ್ಳೆಯ ಮಾತು ಕಟ್ಟಿ ಹೇಳಿಬಿಡೋಣ ಎಂದು ನಾಲಿಗೆಯ ತುದಿಯವರೆಗೂ ಬಂತು. ಆಕೆಯ ಬಾಯಿ ಒಂದು ಸಲ ಮುಚ್ಚಿಸಿದ್ದೆ. ಈಗ ನನ್ನ ಮಾತನ್ನು ಆ ಬಾಯಿಗೆ ತುರುಕಲು ಮನಸ್ಸು ಒಪ್ಪಲಿಲ್ಲ.

'ನೆನಪಿಲ್ಲ ಅಣ್ಣಾ' ಎಂದೆ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

'ಬಯ್ದಿರ್ತಾಳೆ ಬಿಡು' ಎಂದರು. ಆಮೇಲೆ ಹೆಡ್‌ಫೋನನ್ನು ಮತ್ತೆ ಹಾಕಿಕೊಂಡರು. 'ಇನ್ನೊಂದ್ಸಲ ಹಾಕಮ್ಮ. ಆ ಪೀಪಿ ಬರೋಕ್ಮುಂಚೆ ನಿಲ್ಸಿಬಿಡು.'

ನಿಲ್ಲಿಸಿದೆ. ಅವರು ಎಡಕ್ಕೆ ತಿರುಗಿ ಕಾಯುತ್ತಾ ಕೂತರು.